ಹಸಿರು ಸೀರೆ ಯಾರದು

ತಗಡಿನ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಹಳೆಯ ಫಿಲ್ಮ್ ಕೊಳೆಯಲು ಶುರುವಾದರೆ ಹೀಗೆ ಸಿರ್ಕಾದ, ಅಂದರೆ ವಿನೆಗರಿನ ಹಾಗೆ ನಾರುತ್ತದೆ. ಡಬ್ಬಿ ತಂದವರು ಸಿರುಗುಪ್ಪದ ಒಂದು ರೈಸ್ ಮಿಲ್ಲಿನ ಮಾಲೀಕರು, ಐವತ್ತು ದಾಟಿದ ಮನುಷ್ಯ. ಮಿಲ್ಲಿನ ಅಟ್ಟ ತೆರವು ಮಾಡುವಾಗ ಸಿಕ್ಕಿತಂತೆ. ಅದನ್ನು ನನ್ನ ಕೀಬೋರ್ಡಿನ ಪಕ್ಕ ಇಟ್ಟು, "ಇದಕ್ಕ ಬಣ್ಣ ಹಚ್ಚಿಕೊಡ್ರಿ ಮೇಡಂ" ಎಂದರು.

ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವಳು. ಹೆಂಗಸರ ಕಡೆಯ ಶೂಟಿಂಗಿಗೆ ಹೆಣ್ಣುಮಗಳೇ ಬೇಕು ಎನ್ನುವ ನಮ್ಮ ಮುಸ್ಲಿಂ ಮಂದಿಯ ಮನೆಗಳಿಂದ ಶುರುವಾದ ಕೆಲಸ, ಈಗ ಎಲ್ಲ ಜಾತಿಯ ಮದುವೆಗಳಿಗೂ ಹಬ್ಬಿದೆ. ಹಳೆಯ ಚಿತ್ರಗಳಿಗೆ ಬಣ್ಣ ಹಚ್ಚುವುದೆಂದರೆ ನನಗೆ ಮೊದಲಿನಿಂದಲೂ ಗುಮಾನಿ. ಮೊಬೈಲಿನಲ್ಲಿ ಓಡಾಡುವ ಅಂಥ ತುಣುಕುಗಳಲ್ಲಿ ಯಾವ ದೇಶದವರಾದರೂ ಎಲ್ಲರಿಗೂ ಒಂದೇ ಚರ್ಮ, ಎಲ್ಲರಿಗೂ ಒಂದೇ ನೀಲಿ ಅಂಗಿ. ಅದು ಆ ಕಾಲದ ಬಣ್ಣವಲ್ಲ, ಯಂತ್ರದ ಬಣ್ಣ. ಆದರೂ ಕೇಳಿದೆ, ಇದರಲ್ಲೇನಿದೆ, ಬಣ್ಣ ಯಾಕೆ ಬೇಕು ಎಂದು.

ಮಾಲೀಕರ ಅಜ್ಜ ಮದ್ರಾಸಿನಿಂದ ಒಂದು ಸಣ್ಣ ಕ್ಯಾಮೆರಾ ತಂದಿದ್ದರಂತೆ. ಕಾಲುವೆಗೆ ಮೊದಲ ಸಲ ತುಂಗಭದ್ರೆಯ ನೀರು ಬಂದ ದಿನ ಊರ ಮಂದಿಯೆಲ್ಲ ದಂಡೆಗೆ ಹೋದಾಗ ಅದರಲ್ಲಿ ತೆಗೆದ ರೀಲು ಇದು. ಅಷ್ಟು ಹೇಳಿ ಅವರು ವಿಷಯಕ್ಕೆ ಬಂದರು.

"ನಮ್ಮವ್ವ ಆ ದಿನ ಅಲ್ಲಿದ್ಲು, ಸಣ್ಣಾಕಿ. ಆಕಿಗಿಂತ ದೊಡ್ಡಾಕಿ ಒಬ್ಬಾಕಿ ಅಕ್ಕ ಇದ್ಲು. ಚೊಚ್ಚಲ ಬಾಣಂತನದಾಗ ತೀರಿಕೊಂಡ್ಲು. ಆಕಿದು ಒಂದ್ ಫೋಟೋ ಸೈತ ಇಲ್ಲ. ಯಾರೋ ಇದನ್ನ ಗೋಡಿ ಮ್ಯಾಲ ಓಡಿಸಿ ಮೊಬೈಲ್‌ನ್ಯಾಗ ಹಿಡಿದುಕೊಟ್ರು. ಅವ್ವಗ ತೋರಿಸಿದ್ರ, ಎಲ್ಲಾ ಬೂದಿ ಬೂದಿ ಕಾಣ್ತೈತಿ, ಯಾರು ಯಾರೋ ತಿಳಿವಲ್ದು ಅಂತಾಳ. ಆ ದಿನ ಅಕ್ಕ ಹಸಿರು ಸೀರಿ ಉಟ್ಟಿದ್ಲು, ಕೆಂಪು ಅಂಚಿಂದು, ಅದು ಚಲೋ ನೆನಪೈತಿ ಅಂತಾಳ. ಬಣ್ಣ ಬಂದ್ರ ಗುರುತು ಸಿಗ್ತೈತಲ್ಲ?"

ಬಣ್ಣ ರೀಲಿನೊಳಗೆ ಎಲ್ಲೋ ಅಡಗಿ ಕೂತಿದೆ, ತಿಕ್ಕಿ ತೊಳೆದರೆ ಹೊರಬರುತ್ತದೆ ಎಂದು ಅವರು ತಿಳಿದಿದ್ದರು. "ಬಣ್ಣ ಅದರಾಗ ಇಲ್ರಿ. ನಾವು ಹಾಕಬೇಕು" ಎಂದೆ. ಅವರು ನಕ್ಕು, "ಹಾಕ್ರಿ ಮತ್ತ" ಎಂದರು.

ರೀಲನ್ನು ಮೊದಲು ಚೆನ್ನೈನ ಒಂದು ಲ್ಯಾಬಿಗೆ ಕಳಿಸಿದೆ. ಕುಗ್ಗಿದ ಫಿಲ್ಮ್ ಹರಿಯದಂತೆ ಅದನ್ನು ಹಲ್ಲುಗಾಲಿ ಇಲ್ಲದ ಯಂತ್ರದಲ್ಲಿ ಮೆಲ್ಲಗೆ ಓಡಿಸಿ, ಒಂದೊಂದು ಫ್ರೇಮನ್ನೂ ಬೇರೆ ಬೇರೆ ಚಿತ್ರವಾಗಿ ಹಿಡಿದು ಕೊಟ್ಟರು. ಕೆಲವು ಕಡೆ ಫಿಲ್ಮ್ ಒಂದಕ್ಕೊಂದು ಅಂಟಿಕೊಂಡು ಹರಿದಿತ್ತು. ರೀಲಿನ ಅಂಚಿನಲ್ಲಿ ಯಾವ ಕಂಪನಿಯ ಯಾವ ಬಗೆಯ ಫಿಲ್ಮ್ ಎಂದು ಅಚ್ಚಾಗಿರುತ್ತದೆ. ಇದರಲ್ಲಿ ಆ ಅಕ್ಷರಗಳು ಪೂರಾ ಮಾಸಿದ್ದವು. ಆಗ ಅದನ್ನು ನಾನು ದೊಡ್ಡದಾಗಿ ತೆಗೆದುಕೊಳ್ಳಲಿಲ್ಲ.

ಗೀರು, ಧೂಳು ತೆಗೆದು, ನಡುಗುವ ಚಿತ್ರ ನಿಲ್ಲಿಸಿದ ಮೇಲೆ ಕಂಡದ್ದು ಇಷ್ಟು. ಅಗೆದು ಹಾಕಿದ ಮಣ್ಣಿನ ದಿಬ್ಬ. ರುಮಾಲು ಸುತ್ತಿದ ಗಂಡಸರು ಸಾಲಾಗಿ ನಿಂತು ಕಾಲುವೆಯೊಳಗೆ ಬಗ್ಗಿ ನೋಡುತ್ತಿದ್ದಾರೆ. ಕೋಡಿಗೆ ಬಣ್ಣ ಬಳಿದ ಎತ್ತುಗಳು. ಒಣ ಕಾಲುವೆಯ ತಳದಲ್ಲಿ ನೀರು ಹಾವಿನ ಹಾಗೆ ತಲೆ ಚಾಚಿ ಬರುತ್ತದೆ. ಆಮೇಲೆ ಹೆಂಗಸರು ಅರಿಶಿನ ಕುಂಕುಮ ಹಿಡಿದು ಇಳಿಯುತ್ತಾರೆ. ಅವರಲ್ಲಿ ಹರೆಯದವರು ಇಬ್ಬರೇ. ಒಬ್ಬಳು ಎಡಕ್ಕೆ, ಸೊಂಟದ ಮೇಲೆ ಕೊಡ. ಇನ್ನೊಬ್ಬಳು ಬಲಕ್ಕೆ, ಬಗ್ಗಿ ನೀರು ಮುಟ್ಟುತ್ತಾಳೆ, ಎದ್ದು ಕ್ಯಾಮೆರಾದ ಕಡೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಇಬ್ಬರ ಮುಖವೂ ಮಸುಕು. ಉಗುರಿನಷ್ಟು ಸಣ್ಣ ಫಿಲ್ಮಿನಲ್ಲಿ ಅಷ್ಟು ದೂರದ ಮುಖ ಎಷ್ಟು ಹಿಗ್ಗಿಸಿದರೂ ಕಣ್ಣು ಮೂಗು ಬರುವುದಿಲ್ಲ.

ಬಣ್ಣದ ಸಾಫ್ಟ್‌ವೇರಿಗೆ ಇದನ್ನೆಲ್ಲ ಉಣಿಸಿದೆ. ಹೊರಬಂದದ್ದನ್ನು ಓಡಿಸಿ ನೋಡಿದೆ. ನೀರು ಈಜುಕೊಳದ ಹಾಗೆ ನೀಲಿ. ಹಿಂದಿನ ಹೊಲಗಳು ಹಚ್ಚ ಹಸಿರು. ಈಗಿನ ಸಿರುಗುಪ್ಪ ಅಂದರೆ ಭತ್ತದ ಗದ್ದೆ, ಹಸಿರು ನಿಜ. ಆದರೆ ಅವತ್ತು ನೀರು ಬರುವುದಕ್ಕೆ ಮೊದಲು ಅಲ್ಲಿ ಗದ್ದೆ ಎಲ್ಲಿತ್ತು? ಎರೆಭೂಮಿ, ಜೋಳದ ಕೂಳೆ, ಹತ್ತಿಯ ಕಟ್ಟಿಗೆ. ನೀರು ತಂದ ಹಸಿರನ್ನು ಯಂತ್ರ ನೀರಿಗಿಂತ ಮೊದಲೇ ಹಾಸಿಬಿಟ್ಟಿತ್ತು. ಸೀರೆಗಳ ಬಣ್ಣವಂತೂ ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು. ಇಟ್ಟಿಗೆ ಬಣ್ಣ, ಕಂದು, ಮತ್ತೆ ಬೂದು.

ನಮ್ಮ ಅಬ್ಬಾ ಹಿಂದೆ ಬೀದಿ ತಿರುವಿನ ಸ್ಟುಡಿಯೋದಲ್ಲಿ ಕಪ್ಪುಬಿಳುಪು ಫೋಟೋಗಳಿಗೆ ಕುಂಚದಿಂದ ಬಣ್ಣ ತುಂಬುತ್ತಿದ್ದವರು. ಚಾ ಕುಡಿಯುತ್ತ ನನ್ನ ಹಿಂದೆ ನಿಂತು ನೋಡಿದರು.

"ನಾವು ಗಿರಾಕಿ ಅಂಗಿ ಯಾವ ಬಣ್ಣ ಅಂತ ಕೇಳ್ತಿದ್ದಿಲ್ಲಮ್ಮಾ" ಎಂದರು. "ಸೀಸೆದಾಗ ಯಾವುದು ಜಾಸ್ತಿ ಉಳಿದೈತೋ ಅದನ್ನ ಬಳೀತಿದ್ವಿ. ಆಮ್ಯಾಲ ಅವ್ರೇ ಫೋಟೋ ನೋಡ್ಕೋತ, ಹೌದು, ಇದೇ ಅಂಗಿ ಹಾಕ್ಕೊಂಡಿದ್ದೆ ಅಂತಿದ್ರು."

ಅವರು ನಗಿಸಲೆಂದೇ ಹೇಳಿದ್ದು. ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ.

ಊಹೆಯ ಮೇಲೆ ಕೆಲಸ ಮಾಡುವ ಬದಲು ಕಂಡವರನ್ನೇ ಕೇಳೋಣವೆಂದು ಲ್ಯಾಪ್‌ಟಾಪ್ ಹಿಡಿದು ಸಿರುಗುಪ್ಪದ ಬಸ್ ಹತ್ತಿದೆ. ಮಾಲೀಕರ ತಾಯಿ ಎಂಬತ್ತರ ಆಸುಪಾಸಿನ ಅಜ್ಜಿ. ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಕಣ್ಣಿಗೆ ಪೊರೆಯ ಆಪರೇಷನ್ ಆಗಿದ್ದರೂ ಬೆಳಕು ಹೆಚ್ಚು ಬೇಕು. ಯಂತ್ರ ಮಾಡಿದ ಆ ಕಚ್ಚಾ ಬಣ್ಣದ ಪ್ರತಿಯನ್ನೇ ತೋರಿಸಿದೆ. ನೀರು, ಹೊಲ ಸರಿಯಿಲ್ಲ ಎಂಬುದು ನನಗೆ ಗೊತ್ತಿತ್ತು. ಏನಿರಬೇಕು ಎಂದು ಕೇಳುವುದಷ್ಟೇ ನನ್ನ ಉದ್ದೇಶ.

"ಇದೇನವ್ವಾ, ನೀಲಿ ನೀರು?" ಎಂದರು ಅಜ್ಜಿ. "ಕೆಂಪಗ ಬಂತು. ರಾಡಿ. ಕಸ ಕಡ್ಡಿ, ಸತ್ತ ಇರುವಿ ಎಲ್ಲಾ ತೇಲಿಸಿಕೊಂಡು ಬಂತು. ನಮ್ಮವ್ವ ಅದನ್ನ ತಲಿ ಮ್ಯಾಲ ಹಾಕ್ಕೊಂಡ್ಲು."

ಇದು ಬಣ್ಣದ ಒಂದು ಲಾಭ ಎಂದುಕೊಂಡೆ. ತಪ್ಪು ಬಣ್ಣ ಕಂಡರೂ ಮನುಷ್ಯರು ಸರಿಯಾದದ್ದನ್ನು ಹೇಳುತ್ತಾರೆ. ಬೂದು ನೀರು ನೋಡಿದ್ದರೆ ಅಜ್ಜಿ ಆ ಇರುವೆಗಳ ಮಾತು ಎತ್ತುತ್ತಲೇ ಇರಲಿಲ್ಲ. ಖುಷಿಯಿಂದ ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹೆಂಗಸರು ಇಳಿಯುವ ದೃಶ್ಯ ಬಂತು. ಯಂತ್ರದ ಚಂಚಲ ಬುದ್ಧಿಗೆ ಎಡಗಡೆಯ, ಕೊಡ ಹೊತ್ತವಳ ಸೀರೆ ಸ್ವಲ್ಪ ಹೊತ್ತು ಎಲೆಹಸಿರಾಗಿ ನಿಂತಿತು.

ಅಜ್ಜಿ ಮಂಚದಿಂದ ಅರ್ಧ ಎದ್ದರು. "ಅಗಾ! ಅಕ್ಕ! ನಮ್ಮಕ್ಕ!" ಪರದೆಯ ಮೇಲೆ ಬೆರಳಿಟ್ಟು, ಆ ಬೆರಳನ್ನು ತುಟಿಗೆ ಒತ್ತಿಕೊಂಡು ಅತ್ತರು. ಮಾಲೀಕರು ನನಗೆ ಕೈ ಮುಗಿದರು. ನಾನು ಬಸ್ಸಿನಲ್ಲಿ ಬಳ್ಳಾರಿಗೆ ವಾಪಸಾಗುವಾಗ ಹಗುರವಾಗಿದ್ದೆ. ಆ ಹಸಿರು ನಾನು ಹಚ್ಚಿದ್ದಲ್ಲ, ಯಾರೂ ಹಚ್ಚಿದ್ದಲ್ಲ ಎಂಬ ಮುಳ್ಳು ಮಾತ್ರ ಎಲ್ಲೋ ಚುಚ್ಚುತ್ತಿತ್ತು. ಸಿಕ್ಕಿತಲ್ಲ, ಸಾಕು ಎಂದುಕೊಂಡೆ.

ಮುಂದಿನ ದಿನಗಳು ಚಿತ್ರದ ಹೊಲ ತಿದ್ದುವುದಕ್ಕೇ ಹೋದವು. ಹಸಿರು ತೆಗೆದು ಎರೆಮಣ್ಣಿನ ಕಪ್ಪು ತಂದೆ, ನೀರಿಗೆ ಕೆಂಪು ಕೂಡಿಸಿದೆ. ಒಂದು ದೃಶ್ಯದಲ್ಲಿ ಬಣ್ಣ ಕೂರಬೇಕಾದ ಜಾಗದ ಗೆರೆಯನ್ನು ಫ್ರೇಮಿನಿಂದ ಫ್ರೇಮಿಗೆ ಸರಿಸುತ್ತ ಹೋಗಬೇಕು. ಎತ್ತು ಕತ್ತು ಅಲ್ಲಾಡಿಸಿದರೆ ಗೆರೆಯೂ ಅಲ್ಲಾಡಬೇಕು. ಕಣ್ಣು ಉರಿಯುವ ಕೆಲಸ. ಹೀಗೆ ತಿದ್ದಿದ್ದನ್ನೆಲ್ಲ ಕೊಟ್ಟು ಯಂತ್ರವನ್ನು ಇನ್ನೊಮ್ಮೆ ಓಡಿಸಿದೆ. ನೀರು ನೋಡಿದೆ, ಹೊಲ ನೋಡಿದೆ, ಸರಿಯಾಗಿತ್ತು. ಸೀರೆಗಳ ಕಡೆ ಲಕ್ಷ್ಯ ಕೊಡಲಿಲ್ಲ. ಅದನ್ನು ಹಿಡಿದು ಮತ್ತೆ ಸಿರುಗುಪ್ಪಕ್ಕೆ ಹೋದೆ, ಗಂಡಸರ ರುಮಾಲು, ಹಿರಿಯ ಹೆಂಗಸರ ಸೀರೆಗಳ ಬಣ್ಣ ಕೇಳಲು.

ಅಜ್ಜಿ ನೆನಪಿದ್ದಷ್ಟು ಹೇಳಿದರು. ಪರದೆಯ ಮೇಲೆ ಹೆಂಗಸರು ಬಂದರು. ಅಜ್ಜಿಯ ಮುಖ ಅರಳಿತು. "ಅಗಾ ನೋಡು, ನಮ್ಮಕ್ಕ" ಎಂದು ಬೆರಳಿಟ್ಟರು.

ಬೆರಳು ಬಲಗಡೆಯವಳ ಮೇಲಿತ್ತು. ಬಗ್ಗಿ ನೀರು ಮುಟ್ಟುವವಳ ಮೇಲೆ. ಈ ಸಲ ಯಂತ್ರ ಕೊಡದವಳಿಗೆ ಇಟ್ಟಿಗೆ ಬಣ್ಣ ಕೊಟ್ಟು, ಹಸಿರನ್ನು ಇವಳಿಗೆ ಉಡಿಸಿತ್ತು.

ಅಜ್ಜಿಯ ದನಿ ಅದೇ. ಕಣ್ಣೀರು ಅದೇ. ಸುಳ್ಳಿನ ಸುಳಿವು ಎಲ್ಲೂ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಬಾಗಿಲ ಹೊರಗೆ ಫೋನಿನಲ್ಲಿದ್ದ ಮಾಲೀಕರ ಬಳಿ ಹೋಗಿ ನಡೆದದ್ದನ್ನು ಹೇಳಿದೆ.

ಅವರು ನನ್ನನ್ನೇ ಅನುಮಾನದಿಂದ ನೋಡಿದರು. "ನೀವು ಏನಾರ ಅದಲ್ ಬದಲ್ ಮಾಡಿದ್ರೇನು?"

"ನಾ ಮಾಡಿಲ್ರಿ. ಯಂತ್ರ ಮಾಡೈತಿ. ನಿಮ್ಮ ತಾಯಿ ಹಸಿರನ್ನ ಗುರುತು ಹಿಡೀತಾರ, ಅಕ್ಕನ್ನ ಅಲ್ಲ."

ಅವರು ಫೋನನ್ನು ಜೇಬಿಗೆ ಹಾಕಿ ದನಿ ತಗ್ಗಿಸಿದರು. "ಮೇಡಂ, ಮದ್ಲ ತೋರಿಸಿದಾಕಿಗೇ ಹಸಿರು ಹಚ್ಚಿ ಮುಗಿಸಿಬಿಡ್ರಿ. ಮುದುಕಿ ಜೀವಕ್ಕ ಸಮಾಧಾನ ಆದ್ರ ಸಾಕು. ಯಾರಿಗೆ ನಷ್ಟ ಐತಿ ಇದ್ರಾಗ?"

ನಿಜವಾಗಿಯೂ, ಯಾರಿಗೆ ನಷ್ಟ?

ಬಳ್ಳಾರಿಗೆ ಬಂದವಳೇ ಒಂದು ಪರೀಕ್ಷೆ ಮಾಡಿದೆ. ಪಕ್ಕದ ಅಂಗಡಿಯಿಂದ ಕೆಂಪಂಚಿನ ಹಸಿರು ಸೀರೆಗಳನ್ನು ಕೇಳಿ ತಂದು, ಟೆರೇಸಿನ ಮೇಲೆ ಹಗ್ಗಕ್ಕೆ ಹಾಕಿ, ಬಿಸಿಲಲ್ಲಿ ಕಪ್ಪುಬಿಳುಪಿನಲ್ಲಿ ಚಿತ್ರ ತೆಗೆದೆ. ಹಸಿರೂ ಕೆಂಪೂ ಹೆಚ್ಚುಕಡಿಮೆ ಒಂದೇ ಬೂದಾಗಿ ಅಂಚು ಮಾಯವಾಯಿತು. ರೀಲಿನಲ್ಲಿ ಕೊಡದವಳ ಸೀರೆಗೆ ಕಪ್ಪು ಅಂಚು ಎದ್ದು ಕಾಣುತ್ತದೆ, ಬಲಗಡೆಯವಳಿಗೆ ಕಾಣುವುದಿಲ್ಲ. ಹಾಗಾದರೆ ಬಲಗಡೆಯವಳೇ ಅಕ್ಕ! ಒಂದು ಗಳಿಗೆ ಕುಣಿದುಬಿಡಬೇಕೆನಿಸಿತು. ಆಮೇಲೆ ಹಳೆಯ ಕೆಲವು ಫಿಲ್ಮ್‌ಗಳಿಗೆ ಕೆಂಪು ಸರಿಯಾಗಿ ಕಾಣುತ್ತಿರಲಿಲ್ಲ ಎಂಬುದು ನೆನಪಾಗಿ, ಕೆಂಪು ಬೆಳಕನ್ನು ತಡೆಯುವ ಹಾಗೆ ಮಾಡಿ ಅದೇ ಸೀರೆಯನ್ನು ಮತ್ತೆ ತೆಗೆದೆ. ಅಂಚು ಕಾಡಿಗೆಯ ಹಾಗೆ ಕಪ್ಪಾಯಿತು. ಹಾಗಾದರೆ ಕೊಡದವಳು. ಯಾವ ಫಿಲ್ಮ್ ಎಂದು ಹೇಳಬೇಕಾದ ಅಕ್ಷರಗಳು ರೀಲಿನಂಚಿನಲ್ಲಿ ಮಾಸಿಹೋಗಿದ್ದವು. ಅದೂ ಅಲ್ಲದೆ ಬಲಗಡೆಯವಳ ಸೀರೆಗೆ ಅಂಚೇ ಇಲ್ಲದಿರಬಹುದು. ಎಲ್ಲ ಸಾಕ್ಷಿಯೂ ಅತ್ತಲೂ ವಾಲುತ್ತಿತ್ತು, ಇತ್ತಲೂ ವಾಲುತ್ತಿತ್ತು.

ಫೋನ್ ಮಾಡಿ ಮಾಲೀಕರನ್ನು ಕೇಳಿದೆ, ತೀರಿಕೊಂಡ ಆ ಅಕ್ಕನನ್ನು ಬಲ್ಲವರು ಬೇರೆ ಯಾರಾದರೂ ಇದ್ದಾರೆಯೇ ಎಂದು.

"ಬಲ್ಲವ್ರು ಯಾರೂ ಉಳಿದಿಲ್ಲ. ಆಕಿ ಮಗ ಒಬ್ಬ ಅದಾನ, ಕುರುಗೋಡಾಗ. ನಮ್ಮಣ್ಣ ಆಗಬೇಕು. ಆದ್ರ ಕೂಸಿದ್ದಾಗ ತಾಯಿ ಹೋದ್ಲು. ಅವನೇನು ನೋಡ್ಯಾನ? ಎಲ್ಲಾ ಮುಗಿದ ಮ್ಯಾಲ ಕರೆದು ತೋರಿಸೋಣ ಅಂತ ಸುಮ್ನಿದ್ದೀನಿ."

ಯಾರಿಗೆ ನಷ್ಟ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಹಾಗಾಯಿತು. ಒಬ್ಬ ಮನುಷ್ಯನಿಗೆ ತಾಯಿಯನ್ನು ತಯಾರು ಮಾಡಿ ಕೊಡುವುದರಲ್ಲಿದ್ದೆವು, ಅವನನ್ನು ಒಂದು ಮಾತೂ ಕೇಳದೆ.

ಕುರುಗೋಡಿನಲ್ಲಿ ಗುಡ್ಡದ ಕೆಳಗಿನ ಓಣಿಯಲ್ಲಿ ಅವರ ಮನೆ. ಎಪ್ಪತ್ತರ ಹತ್ತಿರದ, ನೆಟ್ಟಗೆ ಕೂರುವ ಮನುಷ್ಯ. ಬಸ್ ಡ್ರೈವರಾಗಿ ನಿವೃತ್ತರಾದವರು. ನಾನು ಬಂದ ಕಾರಣ ಹೇಳುವಾಗ ಅವರ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ.

"ಸಿರುಗುಪ್ಪದವ್ರು ಕಳಿಸ್ಯಾರೇನು?"

"ಇಲ್ರಿ ಕಾಕಾ. ನಾನೇ ಬಂದೀನಿ."

"ಯಾಕ?"

ಎಲ್ಲವನ್ನೂ ಹೇಳಿದೆ. ಅಜ್ಜಿ ಒಂದೊಂದು ಸಲ ಒಬ್ಬೊಬ್ಬಳ ಮೇಲೆ ಬೆರಳಿಟ್ಟದ್ದನ್ನೂ ಹೇಳಿದೆ. ಅವರು ಕನ್ನಡಕ ಒರೆಸಿ ಹಾಕಿಕೊಂಡು, "ಬಣ್ಣದ್ದು ಬ್ಯಾಡ. ಇದ್ದದ್ದು ತೋರ್ಸು" ಎಂದರು. ಕಪ್ಪುಬಿಳುಪಿನದನ್ನು ಹಾಕಿದೆ. ಅಲ್ಲಾಡದೆ ನೋಡಿದರು. ಮುಗಿದ ಮೇಲೆ ಇನ್ನೊಮ್ಮೆ ಎಂದು ಬೆರಳು ತಿರುಗಿಸಿದರು. ಹೆಂಗಸರ ದೃಶ್ಯದಲ್ಲಿ ಉಸಿರು ಹಿಡಿದದ್ದು ನನಗೆ ಕೇಳಿಸಿತು.

"ನೀ ಯಾರ್ನ ಹಸಿರು ಮಾಡ್ತಿಯೋ ಆಕಿ ನಮ್ಮವ್ವ ಆಗ್ತಾಳ. ಹೌದಲ್ಲೇನು?"

ನಾನು ತಲೆ ತಗ್ಗಿಸಿದೆ.

"ಇಬ್ರಾಗ ಒಬ್ಬಾಕಿ ಅಂತನಾದ್ರೂ ಯಾರು ಹೇಳಿದ್ರು? ಆಕಿ ಆ ದಿನ ಮನ್ಯಾಗ ರೊಟ್ಟಿ ಬಡಕೋತ ಕುಂತಿದ್ದಿರಬಹುದು. ಕ್ಯಾಮೆರಾ ಹಿಡಿದವ್ರ ಬೆನ್ನ ಹಿಂದ ನಿಂತಿದ್ದಿರಬಹುದು."

ಅದು ನನಗೆ ಹೊಳೆದೇ ಇರಲಿಲ್ಲ. ಬಣ್ಣದ ಬಗ್ಗೆ ಇಷ್ಟೊಂದು ಅನುಮಾನ ಪಟ್ಟವಳು ರೀಲನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ.

ಅವರ ಸೊಸೆ ಚಾ ತಂದಿಟ್ಟಳು. ಅವರು ಬಟ್ಟಲು ಮುಟ್ಟಲಿಲ್ಲ. "ನೋಡವ್ವಾ, ಮಾರಿ ಇಲ್ಲದ, ಮುಖಾನ ಕಾಣದ ಅವ್ವನ ಜೋಡಿ ಇಷ್ಟು ವರ್ಷ ಬಾಳೇವು ಮಾಡೀನಿ. ಸಣ್ಣಾಂವ ಇದ್ದಾಗ ಕಂಡ ಕಂಡ ಹೆಂಗಸ್ರ ಮಾರಿ ನೋಡ್ತಿದ್ದೆ, ಹಿಂಗ ಇದ್ದಿರಬಹುದು ಅಂತ. ಈಗ ನೀವು ಸುಳ್ಳು ಮಾರಿ ಒಂದ್ ಕೊಟ್ರ, ಸಾಯೋತನ ಅದನ್ನ ಕಣ್ಣಾಗ ಇಟ್ಕೊಂಡು ಕೂಡಬೇಕು. ಖರೇ ಮಾರಿ ಇದ್ರ ಕೊಡು. ಇಲ್ಲಾಂದ್ರ ಬಿಡು."

ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಬಳ್ಳಾರಿ ಬಸ್ಸಿಗೆ ಕಾಯುವಾಗಲೇ ನಿರ್ಧಾರ ಮಾಡಿದೆ. ಗೊತ್ತಿರುವುದಕ್ಕೆ ಬಣ್ಣ ಹಚ್ಚುವುದು. ಮಣ್ಣು, ನೀರು, ಆಕಾಶ, ಎತ್ತು, ಅರಿಶಿನ, ಕುಂಕುಮ. ಆ ಇಬ್ಬರನ್ನು ಇದ್ದ ಹಾಗೇ ಬಿಡುವುದು.

ಹೇಳುವಷ್ಟು ಸುಲಭವಾಗಿರಲಿಲ್ಲ ಅದು. ಅವರ ಸುತ್ತ ಒಂದೊಂದು ಫ್ರೇಮಿನಲ್ಲೂ ಗೆರೆ ಕೊರೆದು ಬೇರ್ಪಡಿಸಬೇಕು. ನೀರಿನ ಕೆಂಪು ಅವರ ಪಾದಕ್ಕೆ ಹತ್ತುತ್ತಿತ್ತು, ಅಳಿಸಬೇಕು. ಎಲ್ಲಕ್ಕಿಂತ ವಿಚಿತ್ರವೆಂದರೆ, ಕೆಂಪು ನೀರಿನ ನಡುವೆ ನಿಂತ ಶುದ್ಧ ಬೂದು ನಮ್ಮ ಕಣ್ಣಿಗೆ ನೀಲಿಯಾಗಿ ಕಾಣುತ್ತದೆ, ಹೆಣದ ಬಣ್ಣದ ಹಾಗೆ. ಅದು ಬೂದಾಗಿಯೇ ಕಾಣಬೇಕಾದರೆ ಒಂದಿಷ್ಟು ಬಿಸುಪು, ಅಂದರೆ ಕೆಂಪಿನ ಛಾಯೆ, ಬೆರೆಸಬೇಕು. ಬಣ್ಣ ಹಚ್ಚದೆ ಬಿಡಲು ನಾನು ಬಣ್ಣ ಹಚ್ಚಬೇಕಾಯಿತು. ಗಂಡಸರ ರುಮಾಲು, ಹಿರಿಯ ಹೆಂಗಸರ ಸೀರೆಗಳ ವಿಷಯದಲ್ಲೂ ನನ್ನ ಬಳಿ ಅಜ್ಜಿಯ ಬಾಯಿಮಾತು ಬಿಟ್ಟರೆ ಬೇರೇನಿರಲಿಲ್ಲ. ಅವಕ್ಕೆ ಅವರ ಮಾತಿನಂತೆ ಬಣ್ಣ ಕೊಟ್ಟು, ಚಿತ್ರದ ಮೊದಲಿಗೇ ದಪ್ಪ ಅಕ್ಷರದಲ್ಲಿ ಹಾಕಿದೆ: ಇಲ್ಲಿಯ ಬಣ್ಣಗಳು ನಾವು ಕೇಳಿ ಹಚ್ಚಿದ್ದು, ರೀಲಿನಲ್ಲಿ ಇದ್ದದ್ದಲ್ಲ.

ಮಾಲೀಕರು ಫೋನಿನಲ್ಲಿ ರೇಗಿದರು. "ಅರ್ಧಮರ್ಧ ಕೆಲಸ ಆತಲ್ರೀ ಇದು. ಮಂದಿ ಏನಂತಾರ? ಅವ್ವ ಕೇಳಿದ್ರ ನಾ ಏನ್ ಹೇಳ್ಲಿ?"

"ನಾ ಹೇಳ್ತೀನ್ರಿ. ಕುರುಗೋಡಿನ ಕಾಕಾರ್ನೂ ಕರೀರಿ. ಅವರಿಲ್ಲದ ನಾ ತೋರ್ಸೋದಿಲ್ಲ."

ಕರೆಯುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ. ಕರೆದರೂ ಅವರು ಬರುತ್ತಾರೆಂದು ಇರಲಿಲ್ಲ. ಆದರೆ ನಾನು ಹೋದ ದಿನ ಅವರು ಆಗಲೇ ಬಂದು, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಈಗಲೋ ಆಗಲೋ ಎದ್ದು ಹೋಗುವವರ ಹಾಗೆ ಕೂತಿದ್ದರು. ಮಧ್ಯಾಹ್ನದ ಊಟ ಮುಗಿಸಿ ಮನೆ ಮಂದಿಯೆಲ್ಲ ಟಿವಿ ಮುಂದೆ ಸೇರಿದರು.

ಬಣ್ಣದ ಬಗ್ಗೆ ಒಂದು ನ್ಯಾಯದ ಮಾತು ಹೇಳಬೇಕು. ಕಪ್ಪುಬಿಳುಪಿನದನ್ನು ಹಿಂದೆ ಮೊಬೈಲಿನಲ್ಲಿ ನೋಡಿ ಎದ್ದುಹೋಗಿದ್ದ ಅದೇ ಮನೆಯ ಮಕ್ಕಳು ಈಗ ಕದಲದೆ ಕೂತರು. ಬಿರುಕುಬಿಟ್ಟ ಕಪ್ಪು ನೆಲ, ಅದರ ಮೇಲೆ ತೆವಳುತ್ತ ಬರುವ ಕೆಂಪು ನೀರು. "ಇದು ನಮ್ಮ ಕಾಲುವೆನಾ? ಖರೇನಾ?" ಎಂದು ಒಂದು ಹುಡುಗಿ ಕೇಳಿತು. ಆ ಪ್ರಶ್ನೆ ಬೂದು ಚಿತ್ರಕ್ಕೆ ಬಿದ್ದಿರಲಿಲ್ಲ. ನನ್ನ ಗುಮಾನಿ ಅಲ್ಲಿ ಸ್ವಲ್ಪ ಸೋತಿತು.

ಹೆಂಗಸರು ಇಳಿದರು. ಬಣ್ಣದ ನಡುವೆ ಇಬ್ಬರು ಬೂದಾಗಿ ನಿಂತರು.

"ಇವ್ರಿಬ್ರಿಗೆ ಯಾಕ ಬಣ್ಣ ಇಲ್ಲ?" ಎಂದರು ಅಜ್ಜಿ. "ಸತ್ತವ್ರಂಗ ಮಾಡಿಟ್ಟೀಯಲ್ಲ. ನಮ್ಮಕ್ಕ ಎಲ್ಲಿ?"

ಚಿತ್ರ ನಿಲ್ಲಿಸಿ ಅವರ ಕಾಲ ಬಳಿ ಕೂತೆ. "ಅಜ್ಜೀ, ಇಬ್ರಾಗ ಯಾರು ಅಂತ ನನಗ ಗೊತ್ತಿಲ್ಲ. ನೀವು ಮದ್ಲ ಎಡಗಡಿಯಾಕಿನ್ನ ತೋರಿಸಿದ್ರಿ, ಆಮ್ಯಾಲ ಬಲಗಡಿಯಾಕಿನ್ನ. ಎರಡೂ ಸಲ ಹಸಿರು ಹಚ್ಚಿದ್ದು ಯಂತ್ರ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಂದದ್ದು ಸಿಟ್ಟು. "ನಾ ನೋಡೀನಿ ಆಕಿನ್ನ! ಈ ಕಣ್ಣಿಲೆ ನೋಡೀನಿ! ಸಿಕ್ಕಾಕಿನ್ನ ಕಸಗೊಂಡ್ಯಲ್ಲ ನೀನು!" ಕೈಯಲ್ಲಿದ್ದ ವಸ್ತ್ರವನ್ನು ನನ್ನ ಕಡೆ ಎಸೆದರು. ಅದು ಮಡಿಲಲ್ಲಿ ಬಿತ್ತು. ಹಾಗೇ ಕೂತಿದ್ದೆ. ಅವರು ಹೇಳಿದ್ದು ನಿಜವೇ ಆಗಿತ್ತು. ಮಾಲೀಕರು, ಹೇಳಿರಲಿಲ್ಲವೇ ಎಂಬಂತೆ ನನ್ನನ್ನು ನೋಡಿದರು.

ಆಗ ಕುರುಗೋಡಿನವರು ಕುರ್ಚಿ ಬಿಟ್ಟೆದ್ದು ಬಂದು ನೆಲದ ಮೇಲೆ, ಮಂಚಕ್ಕೆ ಒರಗಿ ಕೂತರು.

"ಚಿಗವ್ವಾ, ಸೀರಿ ಬಿಡು. ಆಕಿ ನಿನ್ನ ಏನಂತ ಕರೀತಿದ್ಲು?"

ಅಜ್ಜಿ ಸಿಟ್ಟಿನಲ್ಲೇ ಹೇಳಿದರು: "ಗುಬ್ಬಿ ಅಂತಿದ್ಲು. ನಾ ಬಾಳ ಸಣ್ಣಾಕಿದ್ದೆ."

"ಮತ್ತ?"

"ಮತ್ತೇನು. ಬೈತಿದ್ಲು. ಜಡಿ ಹಾಕೋವಾಗ ಜಗ್ಗಿ ಜಗ್ಗಿ ಹಾಕ್ತಿದ್ಲು." ಕೈಬೆರಳು ತುಟಿಗೆ ತಂದು, "ಸಿಳ್ಳಿ ಹಾಕ್ತಿದ್ಲು. ಎರಡು ಬಳ್ಳು ಬಾಯಾಗ ಇಟ್ಕೊಂಡು. ಜ್ವಾಳದ ಹೊಲದಾಗ ಹಕ್ಕಿ ಎಬ್ಬಿಸಾಕ ಹೋದ್ರ ಗಂಡುಡುಗ್ರಿಗಿಂತ ಜೋರು ಹಾಕ್ತಿದ್ಲು. ಹೆಣ್ಮಗಳು ಸಿಳ್ಳಿ ಹಾಕ್ತಾಳಂತ ನಮ್ಮವ್ವ ಬಾಯಿ ಮ್ಯಾಲ ಹೊಡೆದಿದ್ಲು."

"ನಮ್ಮವ್ವ ಸಿಳ್ಳಿ ಹಾಕ್ತಿದ್ಲಾ?" ಆ ವಯಸ್ಸಾದ ಮನುಷ್ಯನ ದನಿ ಹುಡುಗನ ದನಿಯಾಯಿತು.

"ಹ್ಞೂಂ ಮತ್ತ. ಕಪ್ಪಿ ಕಂಡ್ರ ಹೆದರ್ತಿದ್ಲು. ಹಾವಿಗೆ ಹೆದರ್ತಿದ್ದಿಲ್ಲ, ಕಪ್ಪಿಗೆ! ನಿನ್ನ ಹೊಟ್ಟ್ಯಾಗ ಇಟ್ಕೊಂಡು ತವರಿಗೆ ಬಂದಾಗ ಹಸೇ ಹುಣಸಿಕಾಯಿ ತಿಂದು ತಿಂದು ಹಲ್ಲು ಜುಮ್ ಅಂತಾವಂತ ಅತ್ಲು."

"ಇದನ್ನೆಲ್ಲ ನನಗ ಯಾವತ್ತೂ ಹೇಳ್ಲಿಲ್ಲಲ್ಲ ಚಿಗವ್ವಾ."

"ನಿಮ್ಮಪ್ಪ ಇನ್ನೊಂದು ಮದುವಿ ಆದ. ಆ ಮನ್ಯಾಗ ಆಕಿ ಹೆಸರು ಎತ್ತಬಾರದು ಅಂತ ಹಿರ್ಯಾರು ಅಂದ್ರು. ಎತ್ಲಿಲ್ಲ. ನೀನೂ ಎಂದೂ ಕೇಳ್ಲಿಲ್ಲ."

"ಹೆಂಗ ಕೇಳಬೇಕಂತ ಗೊತ್ತಿದ್ದಿಲ್ಲ."

ನಾನು ಚಿತ್ರವನ್ನು ಮತ್ತೆ ಓಡಿಸಿದೆ. ಅದು ತನ್ನ ಪಾಡಿಗೆ ಓಡಿ ಮುಗಿಯಿತು. ಯಾರೂ ಆ ಕಡೆ ನೋಡುತ್ತಿರಲಿಲ್ಲ. ಮಕ್ಕಳು ಸಹ ಅಜ್ಜಿಯ ಮಂಚದ ಸುತ್ತ ಸೇರಿದ್ದರು, ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಬರುವುದೇ ಎಂದು ನೋಡುತ್ತ. ವೈರುಗಳನ್ನು ಬಿಚ್ಚಿ ಸುತ್ತಿಟ್ಟುಕೊಂಡೆ. ಅಜ್ಜಿ ನನ್ನ ಜೊತೆ ಮಾತಾಡಲಿಲ್ಲ. ಹೊರಡುವಾಗ ಮಾಲೀಕರು ಚಪ್ಪಲಿಯ ತನಕ ಬಂದು, "ಇರ್ಲಿ ಬಿಡ್ರಿ, ಹಂಗೇ ಇರ್ಲಿ" ಎಂದರು. ಒಪ್ಪಿ ಅಂದರೋ ಬೇಸತ್ತು ಅಂದರೋ ನನಗೆ ತಿಳಿಯಲಿಲ್ಲ.

ಕುರುಗೋಡಿನವರೂ ನಾನೂ ಒಂದೇ ಬಸ್ ಹತ್ತಿದೆವು. ಅವರು ಅರ್ಧ ದಾರಿಯ ಕ್ರಾಸಿನಲ್ಲಿ ಇಳಿದು ಬೇರೆ ಬಸ್ ಹಿಡಿಯಬೇಕು. ಅವರು ಕಿಟಕಿಯ ಪಕ್ಕ ಕೂತು, ಡ್ರೈವರ್ ಗೇರ್ ಬದಲಿಸುವಾಗೆಲ್ಲ ಮುಖ ಕಿವುಚುತ್ತಿದ್ದರು. ತೆಕ್ಕಲಕೋಟೆ ದಾಟಿತು. ಎರಡೂ ಕಡೆ ಭತ್ತ.

"ಆ ಬಣ್ಣ ಇಲ್ಲದ್ದು ನನಗೊಂದು ಪ್ರತಿ ಕೊಡು" ಎಂದರು. ಕಳಿಸುತ್ತೇನೆ ಎಂದೆ. ಕ್ರಾಸ್ ಹತ್ತಿರವಾದಾಗ ಎದ್ದು, ಮೇಲಿನ ಕಂಬಿ ಹಿಡಿದು ನಿಂತು, ಬಗ್ಗಿ ನನ್ನ ಕಿವಿಗಷ್ಟೇ ಕೇಳುವ ಹಾಗೆ ಹೇಳಿದರು:

"ನಾ ಒಬ್ಬಾಕಿನ್ನ ಆರಿಸೀನಿ, ಮನಸಿನ್ಯಾಗ."

"ಯಾರ್ನ ಕಾಕಾ?" ಬಾಯಿ ತಪ್ಪಿ ಕೇಳಿಬಿಟ್ಟೆ.

ಅವರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಹೇಳಂಗಿಲ್ಲ. ಹೇಳಿದ್ರ ನೀ ಹೋಗಿ ಬಣ್ಣ ಹಚ್ಚಿಬಿಡ್ತಿ."

ಬಸ್ ನಿಂತಿತು. ಇಳಿದು, ಧೂಳು ಅಡಗುವ ತನಕ ಟವೆಲಿನಿಂದ ಮೂಗು ಮುಚ್ಚಿಕೊಂಡು ರಸ್ತೆಯ ಅಂಚಿಗೆ ನಿಂತರು.